ತೆರೆದವರೇ ಮುಚ್ಚಬೇಕು

ಕೆಳಗಿನ ಮನೆ, ಬೀದಿ ಕಡೆಯ ಕೋಣೆ
ಗುರುವಾರ, ಬೆಳಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಮೊಳೆ,

‘ಇನ್ನು ಮಾತಾಡೋ ಅಗತ್ಯ ಬೀಳಲ್ಲ’ ಎಂದೆಯೋ, ‘ಇನ್ನು ಮಾತಾಡೋದು ಬೇಡ’ ಎಂದೆಯೋ, ಏಳು ತಿಂಗಳಾದರೂ ನನಗೆ ತೀರ್ಮಾನಕ್ಕೆ ಬರಲಾಗಿಲ್ಲ. ನೀನು ಕಂಪ್ಯೂಟರಿನ ಮುಂದೆ ನಿಂತಿದ್ದೆ. ಕುರ್ಚಿ ಎಳೆದುಕೊಂಡಿರಲಿಲ್ಲ. ಎಡಗೈಯಲ್ಲಿ ಬಟ್ಟೆಯ ಚೀಲ, ಬಲಗೈಯಲ್ಲಿ ಮೌಸ್. ‘ಫೈರ್‌ವಾಲ್ ಆಫ್ ಮಾಡಿದೀನಿ, ಈಗ ಫೋಲ್ಡರ್ ಮೇಲಿಂದಾನೂ ತೆರೆಯತ್ತೆ. ಬೆಳಗ್ಗೆ ಪುಟ ಹಾಕು, ಸಂಜೆ ತಿದ್ದಿ ವಾಪಸ್ ಇಟ್ಟಿರ್ತೀನಿ’ ಎಂದೆ, ಅದರ ಬಾಲಕ್ಕೆ ಆ ಮಾತನ್ನು ಸೇರಿಸಿದೆ, ಹೊರಗಿನ ಮೆಟ್ಟಿಲು ಹತ್ತಿ ಹೋದೆ. ಮೊದಲನೆಯದಾದರೆ ಅದು ಬರೀ ಅನುಕೂಲದ ಮಾತು. ಎರಡನೆಯದಾದರೆ ಬೇರೆ. ಮೂವತ್ತು ವರ್ಷ ಇನ್ನೊಬ್ಬರ ವಾಕ್ಯಗಳನ್ನು ತೂಗಿ ಹೊಟ್ಟೆ ಹೊರೆದವನಿಗೆ, ಸ್ವಂತ ತಂಗಿಯ ಒಂದೇ ಒಂದು ವಾಕ್ಯವನ್ನು ಸರಿಯಾಗಿ ಕೇಳಿಸಿಕೊಳ್ಳಲಾಗಲಿಲ್ಲ.

ಮೊದಲು ಆರೋಗ್ಯ ವಿಚಾರಿಸಬೇಕಿತ್ತು, ಮರೆತೆ. ಮಂಡಿ ಹೇಗಿದೆ? ನಿನ್ನ ಅತ್ತಿಗೆ ದಿನಾ ಮಧ್ಯಾಹ್ನ ನಿನ್ನ ಜೊತೆ ಚಹಾ ಕುಡಿಯಲು ಮೇಲೆ ಬರುತ್ತಾಳಲ್ಲ, ಕೆಳಗಿಳಿದ ಮೇಲೆ ‘ಹೇಗಿದಾಳೆ’ ಎಂದು ಕೇಳಿದರೆ ‘ಇದಾಳೆ’ ಎನ್ನುತ್ತಾಳೆ. ಇನ್ನೊಂದು ಪ್ರಶ್ನೆ ಕೇಳಿದರೆ ‘ಬಾಯಿ ಇದೆ, ಕಾಲಿದೆ, ಹದಿನಾಲ್ಕು ಮೆಟ್ಟಿಲಿದೆ. ಅಣ್ಣ ತಂಗಿ ಮಧ್ಯೆ ಸುದ್ದಿ ಹೊರೋಕೆ ನಾನೇನು ಪಾರಿವಾಳಾನಾ?’ ಎಂದು ಪಾತ್ರೆ ತೊಳೆಯಲು ಹೋಗುತ್ತಾಳೆ. ಆದ್ದರಿಂದ ನಿನ್ನ ಆರೋಗ್ಯದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಸೂರಿನ ಮೂಲಕ ಇಳಿದು ಬಂದದ್ದು. ಬೆಳಗ್ಗೆ ಎದ್ದ ಮೇಲೆ ಮೊದಲ ಹತ್ತು ಹೆಜ್ಜೆ ನೀನು ಎಡಗಾಲು ಎಳೆಯುತ್ತೀಯ, ಆಮೇಲೆ ಸರಿಹೋಗುತ್ತದೆ. ಹೋದ ವಾರ ಮೂರು ದಿನ ಕೆಮ್ಮಿದೆ, ಒಣ ಕೆಮ್ಮು. ನನ್ನ ಬಲಗಣ್ಣಿಗೆ ಪೊರೆ ಬಂದಿದೆಯಂತೆ, ಇನ್ನೂ ಬಲಿತಿಲ್ಲವಂತೆ. ಬಲಿಯಲಿ ಎಂದು ಕಾಯುವ ಕಾಯಿಲೆ ಇದೊಂದೇ ಇರಬೇಕು.

ಈಗ ಸುದ್ದಿ. ಸುದ್ದಿ ಎಂದರೆ ತಲೆನೋವು. ಗಡಿಯಾರ ರಿಪೇರಿಯ ದೊಡ್ಡ ಪುಸ್ತಕದ ಪ್ರೂಫನ್ನು ನಾವು ನೋಡುತ್ತಿದ್ದೇವಲ್ಲ, ಆ ಪ್ರಕಾಶಕರ ಆಫೀಸಿನಿಂದ ಸೋಮವಾರ ಒಂದು ನಮೂನೆ ಬಂದಿದೆ. ಅವರ ಬೇರೆ ಯಾವುದೋ ಪುಸ್ತಕ ಬಿಡುಗಡೆಗೆ ಮೊದಲೇ ಯಾರದೋ ಕಂಪ್ಯೂಟರಿನಿಂದ ಸೋರಿಹೋಯಿತಂತೆ. ಹಾಗಾಗಿ ಪ್ರೂಫ್ ನೋಡುವವರೆಲ್ಲ ಬರೆದು ಕೊಡಬೇಕು: ‘ಕಡತ ಇರುವ ಕಂಪ್ಯೂಟರಿನ ಫೈರ್‌ವಾಲ್ ಸದಾ ಆನ್ ಆಗಿರುತ್ತದೆ ಎಂದು ದೃಢೀಕರಿಸುತ್ತೇವೆ.’ ಕೆಳಗೆ ಸಹಿಗೆ ಎರಡು ಗೆರೆ, ಏಕೆಂದರೆ ಅವರ ಲೆಕ್ಕದಲ್ಲಿ ನಾವು ಇನ್ನೂ ಇಬ್ಬರು. ಜೊತೆಗೆ ಪರದೆಯ ಫೋಟೋ. ನಾಳೆ ಶುಕ್ರವಾರ ಸಂಜೆಯೊಳಗೆ ತಲುಪದಿದ್ದರೆ ಗಡಿಯಾರವನ್ನು ಬೇರೆಯವರಿಗೆ ಕೊಡುತ್ತಾರೆ. ಆ ಆಫೀಸಿನ ಹೆಂಗಸಿಗೆ ಫೋನ್ ಮಾಡಿದೆ. ‘ಸಾರ್, ಒಂದು ಬಟನ್ ಅಷ್ಟೆ’ ಎಂದಳು. ಈ ಬಟನ್ನಿನ ಕಥೆ ಆಕೆಗೆ ಹೇಗೆ ಹೇಳಲಿ?

ಒಂದು ಬಟನ್ ಅಷ್ಟೆ ಎಂದು ನಾನೂ ತಿಳಿದಿದ್ದೆ. ಸೋಮವಾರ ಹನ್ನೊಂದು ಗಂಟೆಗೆ ಕನ್ನಡಕ ಒರೆಸಿಕೊಂಡು ಕುಳಿತೆ. ಸೆಟ್ಟಿಂಗ್ಸ್ ಒಳಗೆ ಸೆಕ್ಯುರಿಟಿ, ಅದರ ಒಳಗೆ ಇನ್ನೊಂದು ಸೆಕ್ಯುರಿಟಿ, ಅದರೊಳಗೆ ಫೈರ್‌ವಾಲ್. ಮೂರು ಸಾಲು, ಮೂರರ ಪಕ್ಕವೂ ಕೆಂಪು ಗುರುತು. ನಿಮ್ಮ ಸಾಧನ ಅಪಾಯದಲ್ಲಿರಬಹುದು ಎಂಬ ಎಚ್ಚರಿಕೆ ಬೇರೆ. ಏಳು ತಿಂಗಳಿಂದ ಅದು ಪರದೆಯ ಮೂಲೆಯಲ್ಲಿ ದಿನಕ್ಕೊಮ್ಮೆ ಇಣುಕಿ ಹೇಳುತ್ತಿದ್ದದ್ದೂ ಇದನ್ನೇ. ನಾನು ದಿನಾ ಅದರ ಬಾಯಿ ಮುಚ್ಚಿಸುತ್ತಿದ್ದೆ. ಒಂದೊಂದಾಗಿ ಮೂರನ್ನೂ ಆನ್ ಮಾಡಿದೆ. ಬದಲಾಯಿಸಲು ಅನುಮತಿ ಇದೆಯೇ ಎಂದು ಕೇಳಿತು. ಹೌದು ಎಂದೆ. ಎಲ್ಲ ಹಸಿರಾಯಿತು. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಕುರ್ಚಿಗೆ ಒರಗುವಷ್ಟರಲ್ಲಿ ಸೂರಿನಿಂದ ಧಪ್, ಧಪ್, ಧಪ್.

ಪೊರಕೆಯ ಹಿಡಿ ಇರಬೇಕು. ಮೂರೇ ಏಟು. ಅಪ್ಪನ ಮೇಜಿನ ಮೇಲೆ ಸುಣ್ಣದ ಪುಡಿ ಉದುರಿತು. ಏಳು ತಿಂಗಳಲ್ಲಿ ನೀನು ನನ್ನೊಡನೆ ಆಡಿದ ಮೊದಲ ಮಾತು ಇದು. ಉತ್ತರವಾಗಿ ಏನು ಕುಟ್ಟಬೇಕು, ಯಾವುದರಿಂದ ಕುಟ್ಟಬೇಕು ತಿಳಿಯದೆ, ಮೂರನ್ನೂ ಆಫ್ ಮಾಡಿದೆ. ಮೇಲೆ ಸದ್ದಡಗಿತು. ಮಂಗಳವಾರ ನಮೂನೆಯನ್ನು ಮತ್ತೆ ಓದಿ, ಕೋಪ ಬಂದು, ಮತ್ತೆ ಆನ್ ಮಾಡಿದೆ. ಧಪ್, ಧಪ್, ಧಪ್. ಆಫ್. ನಿನ್ನ ಅತ್ತಿಗೆ ಒಳಗಿನಿಂದ ‘ಒಳ್ಳೆ ಕಾರ್ಖಾನೆ ಆಯ್ತು’ ಎಂದಳು. ನಂತರ ಬಾಗಿಲಿಗೆ ಬಂದು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ‘ಆನ್ ಮಾಡಿ ಫೋಟೋ ತೆಗೆದು ಮತ್ತೆ ಆಫ್ ಮಾಡಿ. ಯಾರು ಬಂದು ನೋಡ್ತಾರೆ?’ ಎಂದಳು. ಸುಳ್ಳಿಗೆ ಸಹಿ ಹಾಕಲ್ಲ ಎಂದೆ. ಅವಳು ನನ್ನನ್ನು ನೋಡಿದಳು, ಅಷ್ಟೆ. ಆ ನೋಟ ನನಗೆ ಹಿಡಿಸಲಿಲ್ಲ.

ಆ ಏಟುಗಳು ಏನು ಹೇಳಿದವು ಎಂಬುದು ಬೇರೆ ತಕರಾರು. ಫೋಲ್ಡರ್ ತೆರೆಯುತ್ತಿಲ್ಲ ಎಂದೇ? ಅಥವಾ ‘ನಾನು ಆಫ್ ಮಾಡಿದ್ದನ್ನು ನೀನ್ಯಾಕೆ ಆನ್ ಮಾಡಿದೆ’ ಎಂದೇ? ಎರಡನೆಯದಾದರೆ ನಿನ್ನದೇ ನ್ಯಾಯ. ತೆರೆದವರೇ ಮುಚ್ಚಬೇಕು. ಬೇರೆ ಮನೆಗಳಲ್ಲಿ ಮಕ್ಕಳಿಗೆ ಹಲ್ಲುಜ್ಜಲು ಕಲಿಸುವ ವಯಸ್ಸಿನಲ್ಲಿ ನಮಗೆ ಅಪ್ಪ ಕಲಿಸಿದ್ದು ಇದನ್ನು. ಶಾಯಿಯ ಸೀಸೆ, ಟ್ರಂಕು, ನಲ್ಲಿ, ಜಗಳ, ಯಾವುದೇ ಆಗಲಿ. ನೀನು ತೆರೆದಿಟ್ಟ ಉಪ್ಪಿನ ಡಬ್ಬಿಯನ್ನು ನಾನು ಮುಚ್ಚಿದ್ದಕ್ಕೆ, ಆರು ವರ್ಷದ ನಿನ್ನನ್ನು ಎಬ್ಬಿಸಿ ಕರೆದು, ನನ್ನಿಂದ ಮತ್ತೆ ಅದನ್ನು ತೆರೆಸಿ, ನಿನ್ನ ಕೈಯಿಂದ ಮುಚ್ಚಿಸಿದರು. ‘ಅವಳು ಮುಚ್ಚಿದ್ರೆ ಅವಳಿಗೆ ನೆನಪಿರತ್ತೆ. ನೀನು ಮುಚ್ಚಿದ್ರೆ ನಿನಗೆ ಜಂಬ ಬರತ್ತೆ’ ಎಂದರು. ಪ್ರೂಫಿನ ಕಟ್ಟುಗಳಿಗಂತೂ ಅದು ಕಟ್ಟುನಿಟ್ಟು. ದಾರ ಬಿಚ್ಚಿದವರೇ ಗಂಟು ಹಾಕಬೇಕು, ಗಂಟು ನೋಡಿಯೇ ಯಾರದೆಂದು ಹೇಳುತ್ತಿದ್ದರು. ನಿನ್ನ ಗಂಟು ಬಿಗಿ, ನನ್ನದು ಸಡಿಲ. ಅದಕ್ಕೇ ನಿನಗೆ ಮೊಳೆ ಎಂಬ ಹೆಸರು. ಅಚ್ಚುಮೊಳೆಯಷ್ಟು ಚಿಕ್ಕದು, ಅಷ್ಟೇ ಗಟ್ಟಿ, ಒಮ್ಮೆ ಸಾಲಿನಲ್ಲಿ ಕೂತರೆ ಚಿಮಟದಲ್ಲೇ ಎತ್ತಬೇಕು ಎನ್ನುತ್ತಿದ್ದರು.

ನಿನಗೆ ಆ ಕಿಟಕಿ ನೆನಪಿದೆಯಲ್ಲ. ಅಪ್ಪ ಕೊನೆಯ ಬೆಳಗ್ಗೆ ಆಸ್ಪತ್ರೆಗೆ ಹೊರಡುವ ಮುಂಚೆ ಗಾಳಿ ಬರಲಿ ಎಂದು ಈ ಕೋಣೆಯ ಕಿಟಕಿಯನ್ನು ತೆರೆದಿಟ್ಟು ಹೋದರು. ಅವರು ವಾಪಸ್ ಬರಲಿಲ್ಲ. ಹನ್ನೊಂದು ದಿನ ಅದು ತೆರೆದೇ ಇತ್ತು. ಮಳೆ ಬಂತು, ನಿಘಂಟಿನ ಎರಡು ಸಂಪುಟ ನೆನೆದು ಊದಿಕೊಂಡವು, ಬೆಕ್ಕು ಬಂದು ಮೇಜಿನ ಮೇಲೆ ಮಲಗಿತು. ಬಂದ ನೆಂಟರಿಗೆಲ್ಲ ಇವರಿಗೆ ದುಃಖದಲ್ಲಿ ಮೈಮೇಲೆ ಪ್ರಜ್ಞೆಯಿಲ್ಲ ಎನ್ನಿಸಿರಬೇಕು. ಪ್ರಜ್ಞೆ ಇತ್ತು, ಕೈ ಏಳುತ್ತಿರಲಿಲ್ಲ. ಹನ್ನೆರಡನೇ ದಿನ ನೀನು ಹೋಗಿ ಎರಡೂ ಬಾಗಿಲು ಎಳೆದು, ಚಿಲಕ ಹಾಕಿ, ‘ಅವರಿನ್ನು ಬರಲ್ಲ ಅಣ್ಣ’ ಎಂದೆ. ಆಗ ನೀನು ಅತ್ತುಬಿಟ್ಟೆ. ಅದಕ್ಕೂ ಮುಂಚೆ ನೀನು ಅತ್ತದ್ದನ್ನು ನಾನು ಕಂಡಿರಲಿಲ್ಲ. ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಫೈರ್‌ವಾಲ್ ಏಳು ತಿಂಗಳು ಆಫ್ ಆಗಿಯೇ ಉಳಿದದ್ದು ಸೋಮಾರಿತನದಿಂದಲ್ಲ ಎಂದು ನಿನಗೊಬ್ಬಳಿಗಾದರೂ ಗೊತ್ತಾಗಲಿ ಎಂದು. ಲೋಕದಲ್ಲಿ ಬೇರೆ ಯಾರಿಗೂ ಇದನ್ನು ವಿವರಿಸಲು ಆಗುವುದಿಲ್ಲ. ನಿನ್ನೆ ಒಬ್ಬನಿಗೆ ವಿವರಿಸಲು ಹೋಗಿ ಮುಖಭಂಗವಾಯಿತು.

ಆ ಒಬ್ಬ ಎಂದರೆ ನಮ್ಮ ಕಂಪ್ಯೂಟರ್ ರಿಪೇರಿಯವನು, ಬೀದಿಯವರೆಲ್ಲ ಡಾಕ್ಟರ್ ಎಂದು ಕರೆಯುವವನು. ಪೆಟ್ಟಿಗೆಯ ಪಕ್ಕಕ್ಕೆ ಕಿವಿ ಇಟ್ಟು ಫ್ಯಾನಿನ ಸದ್ದು ಕೇಳುತ್ತಾನಲ್ಲ, ಅದಕ್ಕೆ. ಬುಧವಾರ ಬೆಳಗ್ಗೆ ಬಂದ. ಪರದೆ ನೋಡಿದವನೇ ‘ಏಳು ತಿಂಗಳಾ? ಇಷ್ಟು ದಿನ ಬಾಗಿಲು ತೆಗೆದಿಟ್ಟು ಮಲಗಿದೀರಾ ಸಾರ್?’ ಎಂದ. ಹೊರಗಿನಿಂದ ಬರುವವರನ್ನೆಲ್ಲ ತಡೆದು ನೀನ್ಯಾರು, ಏನು ಕೆಲಸ ಎಂದು ಕೇಳುವುದು ಅದರ ಕೆಲಸವಂತೆ. ಯಾಕೆ ಆಫ್ ಮಾಡಿದಿರಿ ಎಂದ. ತಂಗಿ ಮಾಡಿದ್ದು ಎಂದೆ. ತಂಗಿ ಎಲ್ಲಿ ಎಂದ. ಮೇಲೆ ಎಂದು ಬೆರಳು ಎತ್ತಿದೆ. ಅವನು ಒಂದು ಕ್ಷಣ ಟೋಪಿ ತೆಗೆದು ಎದೆಗಿಟ್ಟುಕೊಂಡ, ಪಾಪ. ಅಷ್ಟರಲ್ಲಿ ನೀನು ಮೇಲೆ ಏನೋ ಎಳೆದೆ, ಕುರ್ಚಿಯೋ ಏನೋ, ಅವನು ಬೆಚ್ಚಿಬಿದ್ದ. ಆಮೇಲೆ ಅವನ ಸಹನೆ ಮುಗಿಯಿತು. ‘ಮೇಲಿನ ಮನೇಲಿ ಇದಾರಾ! ಹಾಗಾದ್ರೆ ಒಂದು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟು ಬರೋಕೇನು ಸಾರ್? ಮೆಟ್ಟಿಲು ಎಷ್ಟಿದೆ?’ ನಾನು ಮೆಟ್ಟಿಲು ಹೇಳಲಿಲ್ಲ. ಅಪ್ಪನ ನಿಯಮ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು ‘ನಮ್ಮಪ್ಪಾನೂ ಹೀಗೇ ಏನೇನೋ ಹೇಳೋರು. ನಾವು ಕೇಳ್ತಿರಲಿಲ್ಲ, ಅದಕ್ಕೇ ಚೆನ್ನಾಗಿದೀವಿ’ ಎಂದ.

ಆಮೇಲೆ ಅವನು ತೋರಿಸಿದ್ದನ್ನು ನಿನಗೆ ಹೇಳಲೇಬೇಕು, ಹೇಳಲು ಇಷ್ಟವಿಲ್ಲದಿದ್ದರೂ. ಫೈರ್‌ವಾಲ್ ಪೂರಾ ಆಫ್ ಮಾಡುವ ಅಗತ್ಯವೇ ಇರಲಿಲ್ಲವಂತೆ. ಹೊಸದಾಗಿ ಇಂಟರ್ನೆಟ್ ತಂತಿ ಸಿಕ್ಕಿಸಿದಾಗ ಕಂಪ್ಯೂಟರ್ ಒಂದು ಪ್ರಶ್ನೆ ಕೇಳುತ್ತದಂತೆ: ಇದು ನಿಮ್ಮ ಮನೆಯೋ, ಸಾರ್ವಜನಿಕ ಜಾಗವೋ? ಮನೆ ಎಂದರೆ ಮನೆಯೊಳಗಿನ ಇನ್ನೊಂದು ಕಂಪ್ಯೂಟರ್ ಬಂದು ಫೋಲ್ಡರ್ ತೆರೆಯಬಹುದು, ಹೊರಗಿನವರಿಗೆ ಮಾತ್ರ ತಡೆ. ಸಾರ್ವಜನಿಕ ಎಂದರೆ ಪಕ್ಕದಲ್ಲಿರುವವರೂ ಅಪರಿಚಿತರೇ. ‘ಮನೇನ ರೈಲ್ವೆ ಸ್ಟೇಷನ್ ಅಂತ ಹೇಳಿಬಿಟ್ಟಿದೀರಲ್ಲ ಸಾರ್, ಅದೇನು ಮಾಡತ್ತೆ ಪಾಪ’ ಎಂದ. ಯಾರು ಹಾಗೆ ಉತ್ತರಿಸಿದ್ದು ಎಂದು ಕೇಳಲಿಲ್ಲ, ಅಷ್ಟು ಮರ್ಯಾದೆ ಅವನಿಗಿದೆ. ಉತ್ತರಿಸಿದವನು ನಾನು. ನಾಲ್ಕು ವರ್ಷದ ಹಿಂದೆ. ಬೀದಿ ಕಡೆಯ ಕೋಣೆ, ದಿನಕ್ಕೆ ನಾಲ್ಕು ಜನ ಬಂದು ಕೂರುವ ಜಾಗ, ಇದು ಮನೆ ಹೇಗಾಗುತ್ತದೆ ಎಂದು ಯೋಚಿಸಿ, ಬಹಳ ಕರಾರುವಾಕ್ಕಾಗಿ, ಸಾರ್ವಜನಿಕ ಎಂದು ಒತ್ತಿದ್ದೆ. ನಾನು ಅವತ್ತು ಸರಿಯಾಗಿ ಉತ್ತರಿಸಿದ್ದರೆ ನೀನು ಚೀಲ ಹಿಡಿದುಕೊಂಡು ಬಾಗಿ ನಿಂತು ಅಷ್ಟು ಹೊತ್ತು ಅದನ್ನು ಹುಡುಕಬೇಕಾಗಿರಲಿಲ್ಲ.

ಡಾಕ್ಟರ್ ಮೌಸ್ ಹಿಡಿದು ‘ಎರಡು ನಿಮಿಷ. ಇಲ್ಲಿ ಮನೆ ಅಂತ ಬದಲಾಯಿಸ್ತೀನಿ, ಫೈರ್‌ವಾಲ್ ಆನ್ ಮಾಡ್ತೀನಿ, ಮೇಲಿನವರ ಫೋಲ್ಡರ್ ಆರಾಮಾಗಿ ತೆರೆಯತ್ತೆ. ಅವರಿಗೆ ಏನೂ ಗೊತ್ತೇ ಆಗಲ್ಲ’ ಎಂದ. ನಾನು ಬೇಡ ಎಂದೆ. ಅವನು ನನ್ನ ಮುಖ ನೋಡಿದ. ಇನ್ನೊಮ್ಮೆ ಬಿಡಿಸಿ ಹೇಳಿದ, ಮಕ್ಕಳಿಗೆ ಹೇಳುವ ಹಾಗೆ. ಇನ್ನೊಮ್ಮೆ ಬೇಡ ಎಂದೆ. ‘ಬೇಡ ಅಂದ್ರೆ ನನ್ನ ಯಾಕೆ ಕರೆಸಿದ್ರಿ?’ ಎಂದು ಚೀಲ ಎತ್ತಿಕೊಂಡು ಹೊರಟವನು ಬಾಗಿಲ ಬಳಿ ನಿನ್ನ ಅತ್ತಿಗೆಗೆ ‘ಮೇಡಂ, ಮೆಷಿನ್ ಚೆನ್ನಾಗಿದೆ. ನಿಮ್ಮ ಯಜಮಾನ್ರನ್ನ ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ’ ಎಂದು ಹೇಳಿ ಹೋದ. ಅವಳು ಇನ್ನೂ ನಗುತ್ತಿದ್ದಾಳೆ. ನಿನಗೂ ಹೇಳಿರುತ್ತಾಳೆ. ನಿನ್ನೆ ಮಧ್ಯಾಹ್ನ ಮೇಲಿನಿಂದ ಇಬ್ಬರು ನಕ್ಕ ಸದ್ದು ಕೇಳಿಸಿತು. ಅಥವಾ ಅವಳೊಬ್ಬಳದೇ ಇರಬಹುದು.

ಬೇಡ ಎಂದು ಯಾಕೆ ಹೇಳಿದೆ ಎಂದು ನಾನು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮೂನೆಗೆ ನಿಜವಾದ ಸಹಿ ಬೀಳುತ್ತಿತ್ತು, ನಿನ್ನದನ್ನು ನಿನ್ನ ಅತ್ತಿಗೆಯ ಕೈಯಲ್ಲಿ ಹೇಗೋ ಹಾಕಿಸಬಹುದಿತ್ತು. ಗಡಿಯಾರ ಉಳಿಯುತ್ತಿತ್ತು. ನಾನು ಬೆಳಗ್ಗೆ ಪುಟ ಹಾಕುವುದು, ನೀನು ಸಂಜೆ ತಿದ್ದಿ ಇಡುವುದು, ನಾನು ನಾಲ್ಕೂವರೆಗೆ ಚಹಾ ಕುಡಿದು ಬಂದು ಫೋಲ್ಡರ್ ತೆರೆಯುವುದು, ಹೀಗೇ ಇನ್ನೂ ಏಳು ತಿಂಗಳು, ಏಳು ವರ್ಷ, ಇಬ್ಬರಲ್ಲೊಬ್ಬರಿಗೆ ಕಣ್ಣು ಕಾಣದೇ ಹೋಗುವವರೆಗೂ ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿತ್ತು. ಅವನು ಎರಡೇ ನಿಮಿಷದಲ್ಲಿ ಅದನ್ನು ಖಾಯಂ ಮಾಡಿ ಹೋಗುತ್ತಿದ್ದ. ಅವನ ಕೈ ಮೌಸ್ ಮೇಲಿದ್ದಾಗ ನನಗೆ ಕಂಡದ್ದು ಆ ಏಳು ವರ್ಷ.

ಫೋಲ್ಡರಿನಿಂದ ನನಗೆ ನಿನ್ನ ಬಗ್ಗೆ ಬೇಕಾದಷ್ಟು ತಿಳಿಯುತ್ತದೆ, ಅದು ನಿಜ. ಮಂಡಿ ನೋವಿರುವ ದಿನ ನಿನ್ನ ತಿದ್ದುಪಡಿಗಳು ಖಾರವಾಗಿರುತ್ತವೆ. ಹೋದ ತಿಂಗಳು ‘ಲೋಲಕ’ದ ಅಧ್ಯಾಯದಲ್ಲಿ ಲೇಖಕ ಒಂದೇ ವಾಕ್ಯವನ್ನು ಮೂರು ಸಲ ಬರೆದಿದ್ದಾಗ, ನೀನು ಪಕ್ಕದಲ್ಲಿ ‘ಟಿಕ್ ಟಿಕ್ ಟಿಕ್’ ಎಂದು ಬರೆದೆ. ಅದು ಲೇಖಕನಿಗೋ ನನಗೋ ಗೊತ್ತಿಲ್ಲ, ಆದರೂ ಅಳಿಸುವ ಮುಂಚೆ ನಾಲ್ಕು ದಿನ ಇಟ್ಟುಕೊಂಡಿದ್ದೆ. ಆದರೆ ಇದು ಪ್ರೂಫ್ ನೋಡುವುದಲ್ಲ ಮೊಳೆ. ಅಪ್ಪ ಕಲಿಸಿದ್ದು ಹೀಗಲ್ಲ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲವನ್ನೂ ಬಾಯಲ್ಲಿ ಹೇಳುತ್ತ. ಇನ್ನೊಬ್ಬರು ಪ್ರೂಫಿನ ಮೇಲೆ ಕಣ್ಣಿಟ್ಟು ಕೂರಬೇಕು. ಪುಟ ಮುಗಿದಾಗ, ಕಣ್ಣಿಟ್ಟವರು ಮೂಲೆಯಲ್ಲಿ ಗುರುತು ಹಾಕಬೇಕು: ನೀನು ಕೊಕ್ಕೆ, ನಾನು ಚುಕ್ಕೆ. ಇಪ್ಪತ್ತಾರು ವರ್ಷ ಹೀಗೆ ಓದಿದ್ದೇವೆ. ನಿನ್ನ ಗಂಟಲು ಕಟ್ಟಿದಾಗ ನಾನು, ನನ್ನದು ಕಟ್ಟಿದಾಗ ನೀನು. ಈಗ ನಾನೊಬ್ಬನೇ ಗಟ್ಟಿಯಾಗಿ ಓದುತ್ತೇನೆ, ಅಲ್ಪವಿರಾಮವನ್ನೂ ಹೇಳುತ್ತೇನೆ. ಬೀದಿಯಲ್ಲಿ ಹೋಗುವವರು ಕಿಟಕಿಯ ಕಡೆ ನೋಡುತ್ತಾರೆ.

ಮತ್ತೆ ಅಣಬೆಯ ವಿಷಯ. ಅದನ್ನು ಎತ್ತದೆ ಪತ್ರ ಮುಗಿಸಬಹುದೆಂದು ಮೂರು ಸಲ ಪ್ರಯತ್ನಿಸಿದೆ, ಆಗಲಿಲ್ಲ. ಅಣಬೆಗಳ ಆ ಕೈಪಿಡಿಯಲ್ಲಿ, ಎದುರುಬದುರು ಪುಟಗಳಲ್ಲಿ, ತಿನ್ನಬಹುದಾದ ಬಿಳಿ ಅಣಬೆಯ ಚಿತ್ರದ ಕೆಳಗೆ ವಿಷದ್ದರ ವಿವರ, ವಿಷದ ಅಣಬೆಯ ಕೆಳಗೆ ತಿನ್ನಬಹುದಾದದ್ದರ ವಿವರ ಅಚ್ಚಾಗಿಹೋಯಿತು. ಪುಸ್ತಕ ಅಂಗಡಿಗೆ ಹೋಗುವ ಹಿಂದಿನ ದಿನ ಲೇಖಕರೇ ಕಂಡುಹಿಡಿದರು, ಯಾರೂ ಸಾಯಲಿಲ್ಲ. ಪ್ರತಿ ಪ್ರತಿಗೂ ಚೀಟಿ ಅಂಟಿಸಬೇಕಾಯಿತು. ಪ್ರಕಾಶಕರು ಈ ಕೋಣೆಗೆ ಬಂದು, ಅಪ್ಪನ ಕುರ್ಚಿಯಲ್ಲಿ ಕುಳಿತು, ‘ಇದು ಹೇಗಾಯ್ತು?’ ಎಂದು ಕೇಳಿದರು. ಜೋರಾಗಿ ಕೂಡ ಕೇಳಲಿಲ್ಲ. ನಾನು ‘ಆ ಪುಟ ತಂಗಿ ನೋಡಿದ್ದು’ ಎಂದೆ. ನೀನು ಒಳಗೆ ಚಹಾ ಸೋಸುತ್ತಿದ್ದೆ. ಸೋಸುವ ಸದ್ದು ನಿಂತಿತು. ಆಮೇಲೆ ಚಹಾ ತಂದು ಅವರ ಮುಂದೆ ಒಂದು ಲೋಟ ಇಟ್ಟೆ, ನನ್ನ ಮುಂದೆ ಒಂದು ಇಟ್ಟೆ, ಎರಡೂ ಚೆಲ್ಲದಂತೆ. ಮನೆ ಬಿಟ್ಟು ಹೋದ ಪುಟಕ್ಕೆ ನನ್ನದು ನಿನ್ನದು ಎಂಬುದಿಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು ನನಗೆ ಆಗಲೂ ನೆನಪಿತ್ತು. ಬಾಯಿಂದ ಬಂದದ್ದು ಬೇರೆ. ಸಂಜೆ ನೀನು ಚೀಲ ತುಂಬಿಕೊಂಡೆ.

ಇನ್ನು ಉದ್ದ ಎಳೆಯುವುದಿಲ್ಲ. ಗೋಡೆ, ಬಾಗಿಲು ಎಂದೆಲ್ಲ ಅಲಂಕಾರ ಕಟ್ಟಲು ನನಗೂ ಬರುತ್ತದೆ, ಆದರೆ ನೀನು ಪಕ್ಕದಲ್ಲಿ ಕೆಂಪು ಪ್ರಶ್ನಾರ್ಥಕ ಹಾಕುತ್ತೀಯ. ಈ ಪತ್ರವನ್ನು ಇವತ್ತಿನ ಗಡಿಯಾರದ ಪುಟಗಳ ನಡುವೆ ಸೇರಿಸಿ ಫೋಲ್ಡರಿಗೆ ಹಾಕುತ್ತಿದ್ದೇನೆ. ದಯವಿಟ್ಟು ತಿದ್ದಿ ವಾಪಸ್ ಇಡಬೇಡ. ಅಲ್ಪವಿರಾಮ ಹೆಚ್ಚಾಗಿವೆ ಎಂದು ನನಗೇ ಗೊತ್ತು.

ಮಂಡಿಗೆ ತಣ್ಣೀರು ತಾಗಿಸಬೇಡ, ಬಿಸಿಯ ಶಾಖ ಕೊಡು. ಕೆಮ್ಮಿಗೆ ನಿನ್ನ ಅತ್ತಿಗೆಯ ಕೈಯಲ್ಲಿ ಕಷಾಯ ಕಳಿಸುತ್ತೇನೆ, ನಾನು ಕಳಿಸಿದ್ದೆಂದು ಅವಳು ಹೇಳುವುದಿಲ್ಲ, ಆದರೂ ಕುಡಿ. ನೀನು ಚೆನ್ನಾಗಿರು. ಅಪ್ಪ ಇದ್ದಿದ್ದರೆ ತಲೆ ಮುಟ್ಟಿ ಹೇಳುತ್ತಿದ್ದರು, ನಾನು ಇಲ್ಲಿಂದಲೇ ಸೂರು ನೋಡಿ ಹೇಳುತ್ತಿದ್ದೇನೆ.

ಇಂತಿ,
ನಿನ್ನ ಅಣ್ಣ

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ: ನೀನು ಮೇಲೆ ಹೋದ ಮಾರನೇ ಬೆಳಗ್ಗೆಯೇ ಅಣಬೆ ಪುಸ್ತಕದ ಪ್ರೂಫಿನ ಕಟ್ಟು ಬಿಚ್ಚಿ ನೋಡಿದೆ. ಆ ಎರಡು ಪುಟಗಳ ಮೂಲೆಯಲ್ಲಿ ಕೊಕ್ಕೆ ಇಲ್ಲ. ಇರುವುದು ಚುಕ್ಕೆ. ಎರಡರಲ್ಲೂ. ಅವತ್ತು ಗಟ್ಟಿಯಾಗಿ ಓದಿದವಳು ನೀನು, ಕಣ್ಣಿಟ್ಟು ಕೂತವನು ನಾನು. ಬಿಚ್ಚಿದ ಕಟ್ಟನ್ನು ನಾನೇ ಕಟ್ಟಿ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟೆ. ನಿಯಮ ತಪ್ಪಲಿಲ್ಲ, ಏಳು ತಿಂಗಳು ಬಾಯಿ ಮಾತ್ರ ಬಿಡಲಿಲ್ಲ. ಇವತ್ತು ಬೆಳಗ್ಗೆ ಆ ಪುಸ್ತಕದ ಪ್ರಕಾಶಕರಿಗೆ ಫೋನ್ ಮಾಡಿ, ಆ ತಪ್ಪು ನನ್ನದು, ತಂಗಿಯದಲ್ಲ ಎಂದು ಹೇಳಿದೆ. ‘ಯಾವ ಅಣಬೆ ಸಾರ್?’ ಎಂದರು. ಅವರಿಗೆ ನೆನಪೇ ಇಲ್ಲ. ನಮೂನೆ ಅಪ್ಪನ ಮೇಜಿನ ಮೇಲಿದೆ, ನಾನು ಇನ್ನೂ ಸಹಿ ಹಾಕಿಲ್ಲ, ಮೇಲಿನ ಗೆರೆ ನಿನಗೆ ಬಿಟ್ಟಿದ್ದೇನೆ. ನಾಳೆ ಸಂಜೆ ಐದರವರೆಗೆ ಸಮಯವಿದೆ. ಪರದೆಯಲ್ಲಿ ಆ ಮೂರು ಸಾಲುಗಳನ್ನು ತೆರೆದಿಟ್ಟು ಕುರ್ಚಿಯನ್ನು ಖಾಲಿ ಬಿಟ್ಟಿರುತ್ತೇನೆ. ಡಾಕ್ಟರ್ ತೋರಿಸಿದ ಮನೆ ಎಂಬ ಆಯ್ಕೆಯೂ ಅಲ್ಲೇ ಪಕ್ಕದಲ್ಲಿದೆ. ಕಿಟಕಿ ಮುಚ್ಚಿದ ದಿನ, ಅಪ್ಪ ಇನ್ನು ಬರಲ್ಲ ಎಂದು ನಿನಗೆ ಖಚಿತವಾಗಿತ್ತು, ಅದಕ್ಕೇ ಅವರು ತೆರೆದದ್ದನ್ನು ನೀನು ಮುಚ್ಚಿದೆ. ನೀನು ಬರುತ್ತೀಯ ಎಂಬ ಖಾತ್ರಿಯೂ ನನಗಿಲ್ಲ, ಬರಲ್ಲ ಎಂಬ ಖಾತ್ರಿಯೂ ಇಲ್ಲ. ಮುಚ್ಚೋಕೆ ನೀನೇ ಬರ್ತೀಯಾ ಮೊಳೆ, ಇಲ್ಲಾ ನಾನೇ ಮುಚ್ಚಿಬಿಡಲಾ?